ಓಡಿಸಿದವರು: ಇಬ್ಬರು

ಹಳೆಯ ಗಾಡಿಗಳ ಜಾಹೀರಾತು ಓದುವವರಿಗೆ ಒಂದು ಕಾಲದಲ್ಲಿ ಈ ರಾಜ್ಯದ ವೈದ್ಯರ ಬಗ್ಗೆ ಅಪಾರ ಗೌರವ ಹುಟ್ಟುತ್ತಿತ್ತು. ಆನ್‌ಲೈನಿನಲ್ಲಿ ಮಾರಾಟಕ್ಕಿದ್ದ ಕಾರುಗಳಲ್ಲಿ ಮೂರಕ್ಕೊಂದು ‘ಡಾಕ್ಟರ್ ಓಡಿಸಿದ್ದು’. ಉಳಿದವು ‘ಲೇಡಿ ಡ್ರಿವನ್’. ಲೆಕ್ಕ ಹಾಕಿದರೆ ಒಬ್ಬೊಬ್ಬ ವೈದ್ಯರ ಪಾಲಿಗೆ ಹನ್ನೊಂದು ಕಾರು ಬರುತ್ತಿದ್ದವು. ಆ ಹನ್ನೊಂದನ್ನೂ ಅವರು ಮನೆಯಿಂದ ಆಸ್ಪತ್ರೆಗೆ ಮಾತ್ರ, ನಲವತ್ತರ ವೇಗದಲ್ಲಿ ಓಡಿಸಿ, ಸಂಜೆ ಬಂದು ಬಟ್ಟೆ ಹೊದಿಸುತ್ತಿದ್ದರು. ‘ಸಿಂಗಲ್ ಓನರ್, ಶೋರೂಂ ಕಂಡೀಷನ್, ನೋಡಿದರೆ ಬಿಡುವುದಿಲ್ಲ’ ಎಂದು ಬರೆದವನಿಗೂ, ‘ಲಾಸ್ಟ್ ರೇಟ್ ಎಷ್ಟು’ ಎಂಬ ಒಂದೇ ಸಾಲು ಕಳಿಸಿ ಮಾಯವಾಗುತ್ತಿದ್ದವನಿಗೂ ನಡುವೆ ಒಂದು ಒಡಂಬಡಿಕೆ ಇತ್ತು. ಇಬ್ಬರೂ ಸುಳ್ಳು ಹೇಳುತ್ತಿದ್ದೇವೆ, ಆ ಎರಡು ಸುಳ್ಳುಗಳ ಮಧ್ಯೆ ಎಲ್ಲೋ ಒಂದು ಗಾಡಿ ನಿಂತಿದೆ.

ಈ ಒಡಂಬಡಿಕೆಯನ್ನು ಹಾಳು ಮಾಡಿದ್ದು ಸವೆತವಾಚಕ ಎಂಬ ಯಂತ್ರ.

ಅದನ್ನು ಕಂಡುಹಿಡಿದವರ ತಲೆಯಲ್ಲಿ ಗಾಡಿ ಇರಲಿಲ್ಲ, ಸೇತುವೆ ಇತ್ತು. ಉಕ್ಕಿನ ಮೇಲೆ ಭಾರ ಬಿದ್ದಾಗಲೆಲ್ಲ ಅದರ ಒಳಗೆ ಕಣ್ಣಿಗೆ ಕಾಣದ ಬಿರುಕೊಂದು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ಬೆಳೆಯುತ್ತದೆ. ಬೇಸಿಗೆಯಲ್ಲಿ ಬೆಳೆಯುವ ರೀತಿ ಒಂದು, ಚಳಿಯಲ್ಲಿ ಬೆಳೆಯುವ ರೀತಿ ಇನ್ನೊಂದು. ಮರದ ಉಂಗುರ ಎಣಿಸುವ ಹಾಗೆ ಎಣಿಸಿದರೆ ವರ್ಷ ಸಿಗುತ್ತದೆ, ತಿಂಗಳು ಸಿಗುತ್ತದೆ, ತಾಳ್ಮೆಯಿದ್ದರೆ ದಿನವೂ ಹೊತ್ತೂ ಸಿಗುತ್ತದೆ. ಲೋಹಕ್ಕೆ ಸಣ್ಣದೊಂದು ಪೆಟ್ಟು ಕೊಟ್ಟು, ಅದು ಗುಂಯ್‌ಗುಡುವುದನ್ನು ಕೇಳಿಸಿಕೊಂಡು, ಆ ಬಿರುಕುಗಳ ನಕ್ಷೆ ಬರೆಯುವುದು ಯಂತ್ರದ ಕೆಲಸ. ಒಳ್ಳೆಯ ಯಂತ್ರವೇ. ಆದರೆ ಸೇತುವೆಗಳನ್ನು ಯಾರೂ ಜಾಹೀರಾತು ಕೊಟ್ಟು ಮಾರುವುದಿಲ್ಲವಾದ್ದರಿಂದ ಅದರಲ್ಲಿ ಲಾಭವಿರಲಿಲ್ಲ.

ಗಾಡಿಗೆ ಹಚ್ಚಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಸ್ಟೀರಿಂಗಿನ ಕಂಬ, ಬ್ರೇಕಿನ ಸನ್ನೆಕೋಲು, ಕ್ಲಚ್ಚಿನ ತೋಳು, ಇವುಗಳನ್ನು ಒತ್ತುವ, ತಿರುಗಿಸುವ ಬಗೆ ಒಬ್ಬೊಬ್ಬರದು ಒಂದೊಂದು. ನಡಿಗೆಯ ಹಾಗೆ. ಅದೂ ಲೋಹದಲ್ಲಿ ಉಳಿಯುತ್ತದೆ. ಅಂದರೆ ಒಂದು ಗಾಡಿಯನ್ನು ಇದುವರೆಗೆ ಎಷ್ಟು ಮಂದಿ ಓಡಿಸಿದ್ದಾರೆ ಎಂದು ಗಾಡಿಯನ್ನೇ ಕೇಳಬಹುದು. ಎರಡು ವರ್ಷದೊಳಗೆ ಕಾನೂನು ಬಂತು. ವಾಚನ ವರದಿ ಇಲ್ಲದೆ ಹಳೆಯ ಗಾಡಿಯ ಜಾಹೀರಾತು ಹಾಕುವಂತಿಲ್ಲ, ಮತ್ತು ಪ್ರತಿ ಜಾಹೀರಾತಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಇರಬೇಕು: ‘ಓಡಿಸಿದವರು: ಇಷ್ಟು ಮಂದಿ’. ‘ಒಬ್ಬರು’ ಎಂದಿದ್ದ ಗಾಡಿಗೆ ಚಿನ್ನದ ಬೆಲೆ. ‘ಐವರು’ ಎಂದಿದ್ದದ್ದನ್ನು ಗುಜರಿಯವನೂ ಮೂಸಿ ನೋಡುತ್ತಿರಲಿಲ್ಲ.

ಮೊದಲ ವರ್ಷ ಕೆಲವು ಸಂಸಾರಗಳಿಗೆ ಕಷ್ಟವಾಯಿತು. ನಾನೊಬ್ಬನೇ ಓಡಿಸಿದ್ದು ಎಂದು ಎದೆ ಸೆಟೆಸಿ ಹೋದ ಗಂಡಂದಿರಿಗೆ, ಹೆಂಡತಿಯರು ಮಧ್ಯಾಹ್ನದ ಹೊತ್ತು ತಾವಾಗಿಯೇ ಕಲಿತು ಓಡಿಸುತ್ತಿದ್ದ ವಿಷಯ ಗೊತ್ತಾಯಿತು, ಅದೂ ಗಂಡಂದಿರಿಗಿಂತ ಚೆನ್ನಾಗಿ. ಆಮೇಲೆ ಜನ ಹುಷಾರಾದರು. ‘ಒಂದು ರೌಂಡ್ ಕೊಡೋ’ ಎಂದು ಗೆಳೆಯನ ಬೈಕು ಕೇಳುವುದು ಅವನ ಜೇಬಿಗೆ ಕೈ ಹಾಕಿದಷ್ಟೇ ಅಸಭ್ಯವಾಯಿತು. ನಂಜನಗೂಡಿನ ಕಡೆ ಒಬ್ಬನಿಗೆ ಎದೆನೋವು ಬಂದಾಗ ಬೀದಿಯಲ್ಲಿ ಏಳು ಕಾರು ನಿಂತಿದ್ದವಂತೆ, ಏಳರ ಮಾಲೀಕರೂ ಊರಲ್ಲಿರಲಿಲ್ಲವಂತೆ, ಏಳು ಮನೆಯಲ್ಲೂ ಕೀ ಸಿಗಲಿಲ್ಲವಂತೆ. ಕೊನೆಗೆ ಹಾಲಿನ ಟೆಂಪೋದಲ್ಲಿ ಸಾಗಿಸಿದರು. ಅದನ್ನು ಆಗಲೇ ಹದಿನಾಲ್ಕು ಮಂದಿ ಓಡಿಸಿದ್ದರಿಂದ ಅದರ ಮಾನ ಹೋಗುವ ಭಯವಿರಲಿಲ್ಲ.

ಈ ಹೊಸ ಕಾಲ ತನಗಾಗಿಯೇ ಬಂದಿದೆ ಎಂದು ನಂಬಿದ್ದವರು ಮೈಸೂರಿನ ಬೋಗಾದಿಯ ಮರಿಲಿಂಗಯ್ಯನವರು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ಒಂದು ಕೋಳಿಯನ್ನೂ ಕೊಲ್ಲದೆ ನಿವೃತ್ತರಾದವರು. ನಿವೃತ್ತರಾದ ತಿಂಗಳೇ ಒಂದು ಹೊಸ ವ್ಯಾನು ಕೊಂಡು, ಬಡಾವಣೆಯ ಎಂಟು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಿಡಿದಿದ್ದರು. ನಾಲ್ಕು ವರ್ಷವಾಗಿತ್ತು. ವ್ಯಾನಿನ ಕೀಯನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಸ್ನಾನಕ್ಕೆ ಹೋಗುವಾಗಲೂ ಅದು ಉಡಿದಾರದಲ್ಲಿ ಇರುತ್ತಿತ್ತು. ಡಿಪೋದ ಅಭ್ಯಾಸ ಬಿಡಲಾಗದೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಲಾಗ್‌ಶೀಟ್ ಬರೆಯುತ್ತಿದ್ದರು: ಹೊರಟ ಹೊತ್ತು, ಬಂದ ಹೊತ್ತು, ಮೀಟರ್ ಓದು, ಚಾಲಕ. ಚಾಲಕ ಎಂಬ ಕಾಲಮ್ಮಿನಲ್ಲಿ ನಾಲ್ಕು ವರ್ಷದಿಂದ ಒಂದೇ ಹೆಸರು.

ಈಗ ಶಾಲೆಯ ಕಡೆಯಿಂದ ಇನ್ನೂ ನಾಲ್ಕು ಮಕ್ಕಳ ಬೇಡಿಕೆ ಬಂದಿತ್ತು. ಜೂನ್‌ನಿಂದ ಹನ್ನೆರಡು. ಈ ವ್ಯಾನು ಮಾರಿ ದೊಡ್ಡದು ಕೊಳ್ಳಬೇಕು. ಜಾಹೀರಾತಿನ ಒಕ್ಕಣೆಯನ್ನೂ ಅವರು ಬರೆದಿಟ್ಟಿದ್ದರು, ಬಹಳ ಚಿಕ್ಕದಾಗಿ: ‘ಓಡಿಸಿದವರು: ಒಬ್ಬರು. ಹೆಚ್ಚಿಗೆ ಹೇಳುವುದಿಲ್ಲ.’

ಮಾರ್ಚಿ ತಿಂಗಳ ಒಂದು ಶನಿವಾರ ಹೂಟಗಳ್ಳಿಯ ವಾಚನ ಕೇಂದ್ರಕ್ಕೆ ಹೋದರು. ಹಳೆಯ ಗೋಡೌನಿನಲ್ಲಿ ನಾಲ್ಕು ರ‍್ಯಾಂಪು, ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಯಂತ್ರ ನೋಡಿಕೊಳ್ಳುತ್ತಿದ್ದವಳು ಫರ್ಹಾನಾ, ಇಪ್ಪತ್ತೆಂಟರ ಹುಡುಗಿ. ಕಿವಿಗೆ ಹೆಡ್‌ಫೋನ್ ಹಾಕಿ ಲೋಹದ ಸದ್ದು ಕೇಳುವಾಗ ವೈದ್ಯರು ಎದೆಬಡಿತ ಕೇಳುವ ಮುಖ ಮಾಡುತ್ತಿದ್ದಳು. ವಾಚಕದ ತುದಿಯನ್ನು ಸ್ಟೀರಿಂಗ್ ಕಂಬಕ್ಕೆ ಅಂಟಿಸಿದಳು, ಬ್ರೇಕಿಗೆ ಅಂಟಿಸಿದಳು. ಹತ್ತು ನಿಮಿಷಕ್ಕೆ ಮುಗಿಯಿತು.

“ಸರ್, ನಿಮ್ ಗಾಡೀನ ಇಬ್ರು ಓಡ್ಸಿದಾರೆ,” ಎಂದಳು.

“ಇನ್ನೊಂದ್ಸಲ ನೋಡವ್ವ. ಪಕ್ಕದ್ ಗಾಡೀದು ಬಂದಿರ್ಬೇಕು.”

“ಪಕ್ಕದಲ್ಲಿರೋದು ಟ್ರ್ಯಾಕ್ಟರ್ ಸರ್.”

ಇನ್ನೊಂದು ಸಲ ನೋಡಿದಳು. ಇಬ್ಬರೇ. ಯಂತ್ರ ಅವರಿಗೆ ಚಾಲಕ ಅ, ಚಾಲಕ ಆ ಎಂದು ಹೆಸರಿಟ್ಟಿತ್ತು. ಅ ಮೊದಲ ದಿನದಿಂದ ಇದ್ದವನು. ಚಾಲಕ ಆ ಬಂದದ್ದು ಹಿಂದಿನ ವರ್ಷ ಅಲ್ಲ, ಅದರ ಹಿಂದಿನ ವರ್ಷ ದಸರಾ ಆದ ವಾರ.

“ಮೊದಲ್ನೆಯವ್ರು ಚೆನ್ನಾಗ್ ಓಡಿಸ್ತಾರೆ ಸರ್. ನಾನು ಇಲ್ಲಿ ಸಾವಿರ ಗಾಡಿ ಕೇಳಿದೀನಿ, ಇಷ್ಟು ನೈಸ್ ಬ್ರೇಕಿಂಗ್ ಕೇಳಿಲ್ಲ,” ಎಂದಳು ಫರ್ಹಾನಾ. ಮರಿಲಿಂಗಯ್ಯನವರ ಮುಖ ಸ್ವಲ್ಪ ಅರಳಿತು. “ಎರಡನೆಯವ್ರು ಸರಿ ಇಲ್ಲ. ಬ್ರೇಕು ಅರ್ಧ ಸೆಕೆಂಡ್ ಲೇಟು. ಸ್ಟೀರಿಂಗನ್ನ ಸಣ್ಣದಾಗಿ ಅಲ್ಲಾಡಿಸ್ತಾನೇ ಇರ್ತಾರೆ. ಮಕ್ಕಳ ಗಾಡಿ ಅಂದ್ರಲ್ಲ? ಆ ಮನುಷ್ಯನ ಕೈಗೆ ಕೊಡ್ಬೇಡಿ ಸರ್.”

“ಯಾರ್ ಕೈಗೂ ಕೊಟ್ಟಿಲ್ಲ ಕಣವ್ವ ನಾನು.”

“ನೀವ್ ಕೊಟ್ಟಿಲ್ಲ. ಅವ್ರು ತಗೊಂಡಿದಾರೆ.”

ಯಾವ ದಿನ, ಯಾವ ಹೊತ್ತು ಎಂದು ತಿಳಿಯಬೇಕಾದರೆ ವಿವರ ವಾಚನ ಮಾಡಿಸಬೇಕು, ಅದಕ್ಕೆ ಮುಂದಿನ ಶನಿವಾರ ಬನ್ನಿ ಎಂದಳು. ಅಲ್ಲಿಯವರೆಗೆ ಜಾಹೀರಾತು ಹಾಕುವುದಾದರೆ ‘ಇಬ್ಬರು’ ಎಂದು ಹಾಕಬೇಕು. ಅರ್ಧ ಸೆಕೆಂಡ್ ಎಂದರೆ ಎಷ್ಟು ದೂರ ಎಂದು ಮರಿಲಿಂಗಯ್ಯನವರು ವಾಪಸು ಬರುವಾಗ ಲೆಕ್ಕ ಹಾಕಿದರು. ನಲವತ್ತರ ವೇಗದಲ್ಲಿ ಹದಿನೆಂಟು ಅಡಿ. ಶಾಲೆಯ ಗೇಟಿನ ಮುಂದಿನ ರಸ್ತೆಯ ಅಗಲ ಹದಿನೆಂಟು ಅಡಿಯಷ್ಟೇ.

ಮನೆಗೆ ಬಂದವರೇ ಹೆಂಡತಿ ಶಿವನಂಜಮ್ಮನವರನ್ನು ಹಜಾರದಲ್ಲಿ ನಿಲ್ಲಿಸಿಕೊಂಡರು.

“ನಿಜ ಹೇಳು. ನೀನೇನಾದ್ರೂ ಗಾಡಿ ಕಲ್ತಿದೀಯಾ?”

“ಹೂಂ, ಕಲ್ತು ಊಟಿಗೆ ಹೋಗ್ಬಂದೆ,” ಎಂದರು ಶಿವನಂಜಮ್ಮ. “ಏನ್ರೀ ಆಗಿದೆ ನಿಮ್ಗೆ? ಗ್ಯಾಸ್ ಹಚ್ಚಕ್ಕೇ ಹೆದರ್ತೀನಿ ನಾನು.”

ಅವರು ಕಾಫಿ ತಂದುಕೊಟ್ಟರು. ಮರಿಲಿಂಗಯ್ಯನವರು ಲೋಟದೊಳಗೆ ನೋಡಿದರು. “ಇದೇನು, ದಿನಾ ಅರ್ಧ ಲೋಟ. ಹಾಲಿನವನು ಸತ್ನಾ?” ಶಿವನಂಜಮ್ಮ ಒಳಗೆ ಹೋದರು.

ಉಳಿದದ್ದು ಒಬ್ಬನೇ. ಬಾಮೈದ ಗುರುಮಲ್ಲೇಶ, ಎರಡು ಬೀದಿ ಆಚೆ ಇರುವವನು, ಹದಿನೆಂಟು ವರ್ಷದಿಂದ ಆಟೋ ಓಡಿಸುವವನು. ಮೂರು ಚಕ್ರದ ಗಾಡಿ ಓಡಿಸುವವರನ್ನು ಚಾಲಕರೆಂದು ಮರಿಲಿಂಗಯ್ಯನವರು ಎಂದೂ ಒಪ್ಪಿದವರಲ್ಲ. ವ್ಯಾನು ಬಂದ ದಿನದಿಂದ ಅವನು ‘ಒಂದ್ಸಲ ಕೊಡಿ ಭಾವ, ರಿಂಗ್ ರೋಡ್ ತನ್ಕ’ ಎಂದು ಕೇಳುತ್ತಲೇ ಇದ್ದ. ಮಗಳ ಆರತಕ್ಷತೆಗೆ ನೆಂಟರನ್ನು ಸಾಗಿಸಲು ಕೇಳಿದ್ದ. ಮರಿಲಿಂಗಯ್ಯನವರು ತಾವೇ ಐದು ಟ್ರಿಪ್ ಹೊಡೆದರೇ ಹೊರತು ಕೀ ಕೊಟ್ಟಿರಲಿಲ್ಲ. ಆಸೆ ಇತ್ತು, ಅವಕಾಶವೂ ಇತ್ತು. ಮಧ್ಯಾಹ್ನ ತಾವು ಮಲಗಿದಾಗ ಅಕ್ಕನ ಮನೆಗೆ ಬರುತ್ತಿದ್ದ.

ಅವರು ಅವನನ್ನು ಕೇಳಲಿಲ್ಲ. ಹಿಡಿಯಬೇಕೆಂದುಕೊಂಡರು. ಡಿಪೋದಲ್ಲಿ ಒಂದು ಉಪಾಯವಿತ್ತು: ಬಸ್ಸು ನಿಲ್ಲಿಸಿದ ಮೇಲೆ ಟೈರಿನಿಂದ ನೆಲದವರೆಗೆ ಸೀಮೆಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆಯುವುದು. ಗಾಡಿ ಒಂದು ಅಂಗುಲ ಜರುಗಿದರೂ ಗೀಟು ತಪ್ಪುತ್ತದೆ, ಮತ್ತೆ ಅದೇ ಜಾಗಕ್ಕೆ ಕೂಡಿಸಿ ನಿಲ್ಲಿಸುವುದು ಯಾರಿಂದಲೂ ಆಗದು. ಭಾನುವಾರದಿಂದ ಮರಿಲಿಂಗಯ್ಯನವರು ಪ್ರತಿ ಸಲ ವ್ಯಾನು ನಿಲ್ಲಿಸಿದಾಗಲೂ ನಾಲ್ಕು ಟೈರಿಗೂ ಗೀಟೆಳೆದರು. ಗೀಟು ನೇರವಾಗಿ ಬರುತ್ತಿರಲಿಲ್ಲ, ಹಾವಿನ ಹಾಗೆ ಓಡುತ್ತಿತ್ತು. ನೆಲ ಉಬ್ಬುತಗ್ಗು ಎಂದುಕೊಂಡರು.

ಆ ವಾರ ಅವರಿಗೆ ಊಟ ಸೇರಲಿಲ್ಲ. ತನ್ನ ಸೀಟಿನಲ್ಲಿ ಇನ್ನೊಬ್ಬ ಕೂರುತ್ತಾನೆ ಎಂಬ ಯೋಚನೆ ಬಂದ ಮೇಲೆ ಸೀಟು ಬೇರೆ ಥರ ಅನ್ನಿಸತೊಡಗಿತು. ಕನ್ನಡಿ ಸ್ವಲ್ಪ ತಿರುಗಿದೆಯೇ, ಕ್ಲಚ್ಚು ಬಿಗಿಯಾಗಿದೆಯೇ ಎಂದು ನೋಡುವರು. ಬುಧವಾರ ಬೆಳಿಗ್ಗೆ ಶಾಲೆಯ ಹತ್ತಿರದ ರೋಡ್ ಹಂಪಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಬ್ರೇಕು ಒತ್ತಿದರು, ವ್ಯಾನು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿ ನಿಂತಿತು. ಹಿಂದೆ ಎಂಟು ಮಕ್ಕಳ ಬ್ಯಾಗು, ಟಿಫನ್ ಬಾಕ್ಸು ಎಲ್ಲ ಮುಂದಕ್ಕೆ ಜಾರಿದವು. ‘ಆ ಕಳ್ಳ ಬ್ರೇಕ್ ಶೂ ಸವೆಸಿದಾನೆ’ ಎಂದು ಮರಿಲಿಂಗಯ್ಯನವರು ಹಲ್ಲು ಕಚ್ಚಿದರು. ಒಂದೂವರೆ ವರ್ಷದಲ್ಲಿ ಮೂರು ಸಲ ಬ್ರೇಕ್ ಶೂ ಬದಲಿಸಿದ್ದರು. ಮೆಕ್ಯಾನಿಕ್ಕು ಪ್ರತಿ ಸಲವೂ ‘ಹಳೇದು ಚೆನ್ನಾಗೇ ಇದೆ ಯಜಮಾನ್ರೇ’ ಎಂದೇ ಬಿಚ್ಚಿಕೊಟ್ಟಿದ್ದ.

ಶುಕ್ರವಾರದವರೆಗೆ ಒಂದು ಗೀಟೂ ತಪ್ಪಲಿಲ್ಲ. ಸಿಟ್ಟು ತಡೆಯಲಾರದೆ ಸಂಜೆ ಗುರುಮಲ್ಲೇಶನನ್ನು ಕರೆಸಿ ಕೇಳಿಯೇಬಿಟ್ಟರು.

ಅವನು ಮೊದಲು ನಕ್ಕ. ಆಮೇಲೆ ಭಾವ ನಗುತ್ತಿಲ್ಲ ಎಂದು ಕಂಡು ನಿಲ್ಲಿಸಿದ. “ಭಾವ, ನಂಗೆ ಬೇಕಾಗಿದ್ರೆ ಕದಿಯೋ ಅವಶ್ಯಕತೆ ಏನಿತ್ತು? ನೀವು ಕೊಡ್ಲಿ ಅಂತ ಕಾಯ್ತಿದ್ದೆ. ಕದ್ದು ಓಡ್ಸಿದ್ರೆ ನೀವು ಕೊಟ್ಟಂಗೆ ಹೆಂಗಾಯ್ತದೆ?” ಎಂದವನು ಚಪ್ಪಲಿ ಮೆಟ್ಟಿಕೊಂಡು ಹೋದ. ಶಿವನಂಜಮ್ಮ ಬಾಗಿಲಲ್ಲೇ ನಿಂತಿದ್ದರು. “ನನ್ ತಮ್ಮನ ಮೇಲೆ ಹಾಕ್ಬೇಡಿ,” ಎಂದರು. ಇನ್ನೂ ಏನೋ ಹೇಳಲು ಬಾಯಿ ತೆರೆದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಶನಿವಾರ ಮರಿಲಿಂಗಯ್ಯನವರು ಲಾಗ್‌ಶೀಟಿನ ನೋಟ್‌ಬುಕ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೂಟಗಳ್ಳಿಗೆ ಹೋದರು. ಯಂತ್ರಕ್ಕೆ ಸಾಕ್ಷಿ ಬೇಕಾದರೆ ಇಲ್ಲಿದೆ. ವಿವರ ವಾಚನಕ್ಕೆ ಒಂದು ಗಂಟೆ ಹಿಡಿಯಿತು. ಫರ್ಹಾನಾ ಪರದೆ ನೋಡಿದಳು, ಹೆಡ್‌ಫೋನ್ ತೆಗೆದಳು, ಮತ್ತೆ ಹಾಕಿಕೊಂಡಳು.

“ಹೋದ್ ವಾರ ಗಾಡಿ ಯಾರ್ ಓಡ್ಸಿದ್ದು ಸರ್?”

“ನಾನೇ. ಗೀಟ್ ಎಳ್ದಿದೀನಿ. ಒಂದು ನೊಣಾನೂ ಹತ್ತಿಲ್ಲ.”

“ಬೇರೆ ಯಾರೂ ಇಲ್ಲ?”

“ಇಲ್ಲ ಅಂತ ಬರ್ಕೊಡ್ಲಾ?”

ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. ಹಳದಿ ಬಣ್ಣ ಅ, ಕೆಂಪು ಬಣ್ಣ ಆ. ಮೊದಲ ಎರಡೂವರೆ ವರ್ಷ ಪೂರ್ತಿ ಹಳದಿ. ದಸರಾ ಆದ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು, ಹೆಚ್ಚಾಗಿ ಬೆಳಗಿನ ಟ್ರಿಪ್ಪಿನಲ್ಲಿ. ಆಮೇಲೆ ಕೆಂಪು ಹರಡುತ್ತ ಹೋಗಿ, ಹಳದಿ ಚುಕ್ಕೆ ಚುಕ್ಕೆಯಾಗಿ, ಎಂಟು ತಿಂಗಳ ಹಿಂದೆ ಹಳದಿ ಪೂರ್ತಿ ನಿಂತುಹೋಗಿತ್ತು. ಹೋದ ವಾರದ ಹನ್ನೊಂದು ಟ್ರಿಪ್ಪೂ ಕೆಂಪು. ಬುಧವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಒಂದು ಗಟ್ಟಿ ಬ್ರೇಕು, ಕೆಂಪು.

ಮರಿಲಿಂಗಯ್ಯನವರು ಆ ಬುಧವಾರದ ಗೆರೆಯನ್ನೇ ನೋಡುತ್ತ ಕುಳಿತರು. ಸೈಕಲ್ಲಿನವನ ವಿಷಯ ಅವರು ಯಾರಿಗೂ ಹೇಳಿರಲಿಲ್ಲ.

“ಒಂದು ಫಾರ್ಮಾಲಿಟಿ ಇದೆ ಸರ್,” ಎಂದಳು ಫರ್ಹಾನಾ. ದನಿ ಇಳಿದಿತ್ತು. “ಓನರ್ ಸ್ಯಾಂಪಲ್ ತಗೋಬೇಕು. ನಾಲ್ಕ್ ನಿಮಿಷ.”

ಗೋಡೆಗೆ ಜೋಡಿಸಿದ್ದ ಒಂದು ಬರೀ ಸ್ಟೀರಿಂಗು, ಒಂದು ಬ್ರೇಕು, ಎದುರಿಗೆ ಪರದೆಯ ಮೇಲೆ ಓಡುವ ರಸ್ತೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ಅದರ ಮುಂದೆ ಮೊದಲ ದಿನ ಪರೀಕ್ಷೆಗೆ ಕೂತವರ ಹಾಗೆ ಕೂತರು. ನಾಲ್ಕು ನಿಮಿಷವೂ ಸ್ಟೀರಿಂಗು ಗೋಡೆಯ ಮೊಳೆಗೆ ತಗುಲಿ ಸಣ್ಣದಾಗಿ ಟಿಕಟಿಕ ಎನ್ನುತ್ತಿತ್ತು, ಸೆಕೆಂಡಿಗೆ ಐದು ಸಲ.

ಕಂಪ್ಯೂಟರ್ ಬರೆಯಿತು: ‘ಮಾಲೀಕರ ಮಾದರಿ ಚಾಲಕ ಅ ಜೊತೆ ಹೊಂದಿಕೆಯಾಗಿಲ್ಲ. ಚಾಲಕ ಆ ಜೊತೆ ಹೊಂದಿಕೆಯಾಗಿದೆ. ಗಾಡಿಯ ಒಡೆತನ ಸಂದೇಹಾಸ್ಪದ. ಜಾಹೀರಾತು ತಡೆಹಿಡಿಯಲಾಗಿದೆ. ಚಾಲಕ ಅ ಯಾರೆಂದು ತಿಳಿಸಿ.’

“ಅದು ನಾನು,” ಎಂದರು ಮರಿಲಿಂಗಯ್ಯ.

ಯಂತ್ರದಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ.

“ಪ್ರೋಗ್ರಾಮ್ ಎಲ್ಲೋ ಒಂದ್ ಕಡೆ ಗೆರೆ ಎಳೀಬೇಕಲ್ಲ ಸರ್,” ಎಂದಳು ಫರ್ಹಾನಾ. “ಇಷ್ಟು ವ್ಯತ್ಯಾಸ ಇದ್ರೆ ಅದೇ ಮನುಷ್ಯ, ಇದಕ್ಕಿಂತ ಜಾಸ್ತಿ ಆದ್ರೆ ಬೇರೆಯವ್ರು. ಮನುಷ್ಯ ಅಷ್ಟೊಂದು ಬದ್ಲಾಗಲ್ಲ ಅಂತ ಅದಕ್ಕೆ ಹೇಳ್ಕೊಟ್ಟಿದಾರೆ.” ಹೆಡ್‌ಫೋನ್ ತೆಗೆದಿಟ್ಟು, “ನರದ ಡಾಕ್ಟ್ರಿಗೆ ತೋರಿಸಿ ಸರ್. ನಾನ್ ಡಾಕ್ಟರ್ ಅಲ್ಲ. ಲೋಹ ಕೇಳೋಳು ಅಷ್ಟೇ,” ಎಂದಳು.

ತಡೆ ತೆಗೆಸಲು ಫೋನಿನಲ್ಲೇ ತುಂಬಬಹುದಾದ ಒಂದು ಅರ್ಜಿ ಕೊಟ್ಟಳು. ಅದರಲ್ಲಿ ಮೂರು ದಾರಿ. ಒಂದು: ಇನ್ನೊಬ್ಬ ಚಾಲಕ ಬೇರೆಯವರು, ಅವರ ಹೆಸರು ಬರೆಯಿರಿ, ಯಂತ್ರದಲ್ಲಿ ಮಾದರಿ ಹೊಂದದಿದ್ದರೂ ಇಬ್ಬರೂ ಬರೆದುಕೊಟ್ಟರೆ ನಡೆಯುತ್ತದೆ. ಎರಡು: ಇನ್ನೊಬ್ಬ ಚಾಲಕ ಲಭ್ಯವಿಲ್ಲ. ಮೃತ, ಅಥವಾ ವಿದೇಶದಲ್ಲಿದ್ದಾರೆ. ಇದನ್ನು ಜನ ಎಷ್ಟು ಧಾರಾಳವಾಗಿ ಬಳಸುತ್ತಿದ್ದರೆಂದರೆ, ಆ ವರ್ಷ ಜಿಲ್ಲೆಯಲ್ಲಿ ತೀರಿಕೊಂಡವರು ಓಡಿಸಿದಷ್ಟು ಗಾಡಿಯನ್ನು ಬದುಕಿದ್ದವರು ಓಡಿಸಿರಲಿಲ್ಲ. ಮೂರು: ಮಾಲೀಕರ ದೇಹಸ್ಥಿತಿ ಬದಲಾಗಿದೆ. ಇದನ್ನು ಒತ್ತಿದರೆ ಅರ್ಜಿ ನೇರವಾಗಿ ಸಾರಿಗೆ ಕಚೇರಿಗೆ ಹೋಗುತ್ತದೆ, ಶಾಲಾ ವಾಹನದ ಬ್ಯಾಡ್ಜು ಆ ಕ್ಷಣವೇ ಅಮಾನತಾಗುತ್ತದೆ. ಇದುವರೆಗೆ ಅದನ್ನು ಎಷ್ಟು ಮಂದಿ ಒತ್ತಿದ್ದಾರೆ ಎಂದು ಮರಿಲಿಂಗಯ್ಯ ಕೇಳಿದರು. ಇಲ್ಲಿ ಯಾರೂ ಇಲ್ಲ ಎಂದಳು ಫರ್ಹಾನಾ.

ಅವಳು ಆಟೋ ತರಿಸುತ್ತೇನೆಂದರೂ ಕೇಳದೆ ಅವರೇ ವ್ಯಾನು ಓಡಿಸಿಕೊಂಡು ಬಂದರು, ಇಪ್ಪತ್ತರ ವೇಗದಲ್ಲಿ, ಹಿಂದೆ ಹಾರನ್ನುಗಳ ಮೆರವಣಿಗೆ ಕಟ್ಟಿಕೊಂಡು.

ಭಾನುವಾರ ಸಂಜೆ ಗುರುಮಲ್ಲೇಶ ತಾನಾಗಿಯೇ ಬಂದ. ಅಕ್ಕ ಎಲ್ಲ ಹೇಳಿದ್ದರು. ಮೆಟ್ಟಿಲ ಮೇಲೆ ಕೂತು, “ನನ್ ಹೆಸ್ರು ಬರೀರಿ ಭಾವ,” ಎಂದ.

“ಸುಳ್ಳಲ್ವಾ?”

“ನೀವ್ ಶುಕ್ರವಾರ ನಿಜ ಅಂತ ಹೇಳ್ತಿದ್ರಿ. ನಾಲ್ಕ್ ವರ್ಷದಿಂದ ಕೇಳ್ದೆ, ಓಡ್ಸಕ್ಕಂತೂ ಕೊಡ್ಲಿಲ್ಲ. ಕಾಗದದ್ ಮೇಲಾದ್ರೂ ಓಡಿಸ್ತೀನಿ ಬಿಡಿ.”

ಮರಿಲಿಂಗಯ್ಯನವರಿಗೆ ನಗು ಬರಲಿಲ್ಲ. ಹನ್ನೆರಡು ಮನೆಗೆ ಮಾತು ಕೊಟ್ಟಾಗಿತ್ತು. ಒಂದು ಹೆಸರು ಬರೆದರೆ ನಾಳೆಯೇ ಜಾಹೀರಾತು ಏಳುತ್ತದೆ, ಜೂನಿಗೆ ದೊಡ್ಡ ವ್ಯಾನು ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪೆನ್ನು ತೆಗೆದುಕೊಳ್ಳಲು ನೋಟ್‌ಬುಕ್ಕು ಎಳೆದರು. ಅದು ಹಳೆಯ ಪುಟದಲ್ಲಿ ತೆರೆದುಕೊಂಡಿತು. ‘ಮರಿಲಿಂಗಯ್ಯ’, ಗೋಲಿಯಷ್ಟು ದಪ್ಪ ಅಕ್ಷರ. ಪುಟ ತಿರುವಿದರು. ದಸರಾ ಆದ ಮೇಲೆ ಹೆಸರು ಸಾಸಿವೆಯಷ್ಟಾಗಿತ್ತು. ಕೊನೆಯ ತಿಂಗಳ ಪುಟದಲ್ಲಿ ಅದು ಇರುವೆ ನಡೆದ ಗುರುತು. ದಿನಾ ತಾವೇ ಬರೆದದ್ದು, ಒಂದು ದಿನವೂ ಓದಿರಲಿಲ್ಲ.

ಶಿವನಂಜಮ್ಮ ಕಾಫಿ ತಂದಿಟ್ಟರು. ಅರ್ಧ ಲೋಟ.

“ಯಾವಾಗಿಂದ ಹಿಂಗೆ ಕೊಡ್ತಿದೀಯ?” ಎಂದು ಕೇಳಿದರು ಮರಿಲಿಂಗಯ್ಯ.

“ಆಚೆ ವರ್ಷದ್ ದಸರಾದಿಂದ. ತುಂಬ ಕೊಟ್ರೆ ಚೆಲ್ತಿತ್ತು. ಚೆಲ್ಲಿದ್ರೆ ಲೋಟ ಸರಿ ಇಲ್ಲ ಅಂತ ಬೈತಿದ್ರಿ. ಮೂರು ಲೋಟ ಬದಲಾಯಿಸ್ದೆ.”

“ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಬಸ್ಸಿನ ಮೆಡಲ್ ತಂದು ತೋರಿಸ್ತಿದ್ರಿ. ಕೂತು ಬೇಡ್ಕೊಂಡೆ, ಮಕ್ಕಳು ಇಳಿಯೋ ತನ್ಕ ಏನೂ ಆಗದೇ ಇರ್ಲಿ ಅಂತ. ದಿನಾ ಏಳೂವರೆಯಿಂದ ಎಂಟೂವರೆ ತನ್ಕ ನಾನು ಒಲೆ ಹಚ್ಚಲ್ಲ, ಗೊತ್ತಾ ನಿಮ್ಗೆ?”

ಆ ಸಂಜೆ ಅರ್ಜಿ ತುಂಬಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮರಿಲಿಂಗಯ್ಯನವರು ಎಂದಿನಂತೆ ವ್ಯಾನಿನಲ್ಲಿ ಹೋಗಿ ಕೂತರು. ಕೀ ಹಾಕಲಿಲ್ಲ. ಎರಡು ಕೈಯನ್ನೂ ಸ್ಟೀರಿಂಗಿನ ಮೇಲಿಟ್ಟು ನೋಡಿದರು. ಗಾಡಿ ನಿಂತೇ ಇತ್ತು, ಎಂಜಿನ್ ಸತ್ತೇ ಇತ್ತು, ಸ್ಟೀರಿಂಗು ಸಣ್ಣಗೆ ನಡುಗುತ್ತಿತ್ತು. ಮೊದಲ ಮನೆಯ ಮಗು ಗೇಟಿಗೆ ಬಂದು ನಿಂತಿರುವ ಹೊತ್ತು. ಐದು ನಿಮಿಷ ಕೂತರು. ಆಮೇಲೆ ಫೋನ್ ತೆಗೆದರು.

“ಮಲ್ಲೇಶ, ಲೈಸೆನ್ಸು ಬ್ಯಾಡ್ಜು ತಗೊಂಡ್ ಬಾ.”

“ಅರ್ಜಿಗಾ ಭಾವ?”

“ಗಾಡಿಗೆ.”

ಅವನು ಓಡಿ ಬಂದ, ಶರಟಿನ ಗುಂಡಿ ದಾರಿಯಲ್ಲಿ ಹಾಕಿಕೊಳ್ಳುತ್ತ. ಮರಿಲಿಂಗಯ್ಯನವರು ಉಡಿದಾರದಿಂದ ಕೀ ಬಿಚ್ಚಲು ಹೋದರು, ಅವತ್ತು ಗಂಟು ಬಿಚ್ಚಲಾಗಲಿಲ್ಲ. ಶಿವನಂಜಮ್ಮ ಬಂದು ಬಿಚ್ಚಿ ತಮ್ಮನ ಕೈಗೆ ಕೊಟ್ಟರು.

ಮರಿಲಿಂಗಯ್ಯ ಎಡಗಡೆಯ ಸೀಟಿನಲ್ಲಿ ಕೂತರು. ನಾಲ್ಕು ವರ್ಷದಲ್ಲಿ ಅಲ್ಲಿ ಕೂತಿರಲಿಲ್ಲ. ಅಲ್ಲಿಂದ ರಸ್ತೆ ಬೇರೆ ಕಾಣುತ್ತಿತ್ತು, ಎಲ್ಲ ಮೈಮೇಲೆ ಬರುವ ಹಾಗೆ. ‘ಥರ್ಡಿಗೆ ಹಾಕು’, ‘ಅಲ್ಲಿ ನಾಯಿ ಇರುತ್ತೆ’, ‘ಇದು ಆಟೋ ಅಲ್ಲ ಕಣಯ್ಯ, ಮುಂದೆ ಒಂದು ಚಕ್ರ ಜಾಸ್ತಿ ಇದೆ’ ಎನ್ನುತ್ತ ಬಂದರು. ಗುರುಮಲ್ಲೇಶ ಎಲ್ಲದಕ್ಕೂ “ಆಯ್ತು ಭಾವ” ಎಂದ. ಎಂಟು ಮಕ್ಕಳು ಹತ್ತಿದರು. ತಾತ ಯಾಕೆ ಈ ಕಡೆ ಕೂತಿದ್ದಾರೆ ಎಂದು ಎಂಟೂ ಕೇಳಿದವು.

ಶಾಲೆಯ ಹಂಪಿನ ಹತ್ತಿರ ಒಂದು ಹಸು ರಸ್ತೆಗಿಳಿಯಿತು. ಗುರುಮಲ್ಲೇಶ ಬ್ರೇಕು ಒತ್ತಿದ. ಮರಿಲಿಂಗಯ್ಯನವರ ಕಾಲೂ ಬ್ರೇಕಿಲ್ಲದ ಎಡಗಡೆಯ ನೆಲವನ್ನು ಒತ್ತಿತು. ಮೂವತ್ತೈದು ವರ್ಷದ ಅಭ್ಯಾಸ ಅದು, ಯಾರು ಓಡಿಸಿದರೂ ಕಾಲು ಸುಮ್ಮನಿರುವುದಿಲ್ಲ. ಆದರೆ ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಗಾಡಿ ನಿಂತು, ಹಸು ದಾಟಿ, ಗುರುಮಲ್ಲೇಶ ಮತ್ತೆ ಗೇರು ಹಾಕಿಯಾಗಿತ್ತು. ಹಿಂದೆ ಒಂದು ಟಿಫನ್ ಬಾಕ್ಸೂ ಜಾರಲಿಲ್ಲ.

ಮಕ್ಕಳು ಇಳಿದು ಒಳಗೆ ಹೋದ ಮೇಲೆ, ಗೇಟಿನ ಎದುರಿನ ನೆರಳಿನಲ್ಲಿ ವ್ಯಾನು ನಿಲ್ಲಿಸಿಕೊಂಡು ಅರ್ಜಿ ತೆರೆದರು. ಬೆರಳು ಮೂರು ಸಲ ಪಕ್ಕದ ಚೌಕಕ್ಕೆ ಜಾರಿತು. ನಾಲ್ಕನೇ ಸಲ ಮೂರನೇ ದಾರಿಯ ಮೇಲೆ ಬಿತ್ತು. ಷರಾ ಎಂಬಲ್ಲಿ ಬರೆದರು: ‘ಓಡಿಸಿದವರು ಇಬ್ಬರು. ಇಬ್ಬರೂ ನಾನೇ.’ ಯೋಚಿಸಿ, ಇನ್ನೊಂದು ಸಾಲು ಸೇರಿಸಿದರು: ‘ಇವತ್ತಿನಿಂದ ಮೂವರು. ಮೂರನೆಯವನು ನನ್ನ ಬಾಮೈದ. ಬ್ರೇಕು ಸರಿಯಾಗಿ ಹಿಡಿಯುತ್ತಾನೆ.’

ಎರಡು ನಿಮಿಷಕ್ಕೆ ಬ್ಯಾಡ್ಜು ಅಮಾನತಾದ ಸಂದೇಶ ಬಂತು. ನಾಲ್ಕು ನಿಮಿಷಕ್ಕೆ ಜಾಹೀರಾತು ಎದ್ದು ನಿಂತಿತು, ವಾಚನ ವರದಿ, ಷರಾ ಸಮೇತ. ಗುರುಮಲ್ಲೇಶ ಎಂಜಿನ್ ಹಚ್ಚುವಷ್ಟರಲ್ಲಿ ಮೊದಲ ಗಿರಾಕಿಯೂ ಬಂದ, ಮಂಡ್ಯದವನು, ಹೂವಿನ ವ್ಯಾಪಾರ.

‘ಲಾಸ್ಟ್ ರೇಟ್ ಎಷ್ಟು?’

ಮರಿಲಿಂಗಯ್ಯ ಉತ್ತರ ಬರೆಯುವ ಮುಂಚೆಯೇ ಇನ್ನೊಂದು ಬಂತು. ಷರಾ ಓದುವ ತಾಳ್ಮೆ ಅವನಿಗೆ ಇದ್ದಂತಿರಲಿಲ್ಲ.

‘ಆ ಎರಡನೆಯವನು ಬ್ರೇಕು ಲೇಟು ಅಂತಿದೆಯಲ್ಲ. ಅವನು ಈಗಲೂ ಓಡಿಸ್ತಿದಾನಾ?’

ಒಂದೊಂದೇ ಅಕ್ಷರ ಹುಡುಕಿ, ತಪ್ಪಿದ್ದನ್ನು ಅಳಿಸಿ, ಮರಿಲಿಂಗಯ್ಯ ಬರೆದರು:

‘ಇಲ್ಲ. ಎಡಗಡೆ ಕೂತಿದ್ದಾನೆ.’